ಕುಂಬಾರರ ಪೆಟ್ಟಿಗೆಯಲ್ಲಿ ಏನಿದೆ?

ಕಳೆದ ಬೇಸಿಗೆ ರಜೆಗೆ ಪುಣೆಯಿಂದ ಬಂದ ಮೊಮ್ಮಗಳು ತನ್ನೊಡನೆ ಒಂದು ಚಿಕ್ಕ ಪೊಟ್ಟಣ ತಂದಿದ್ದಳು. ಮಣ್ಣಿನ ಕೆಲಸ ಕಲಿಯಲೆಂದು ಅವಳ ತಾಯಿ ಅಂತರಜಾಲದ ಅಂಗಡಿಯಿಂದ ತರಿಸಿಕೊಟ್ಟಿದ್ದ ಎಂಟು ಸಲಕರಣೆಗಳ ಕಟ್ಟು ಅದು. ತುದಿಯಲ್ಲಿ ತಂತಿಯ ಕುಣಿಕೆಯುಳ್ಳ ಎರಡು ಹಿಡಿಕೆಗಳು, ಮರದ ಒಂದು ಚಾಕು, ಅರ್ಧಚಂದ್ರಾಕಾರದ ಒಂದು ಉಕ್ಕಿನ ತಗಡು, ದಬ್ಬಣದಂಥ ಒಂದು ಸೂಜಿ, ಮಣ್ಣು ಕೊಯ್ಯುವ ತಂತಿ, ನಯ ಮಾಡುವ ಮರದ ಬಿಲ್ಲೆ, ಒಂದು ಸ್ಪಂಜು. ಬೆಲೆ 640 ರೂಪಾಯಿ. ಎಲ್ಲವೂ ಇತ್ತು, ಮಣ್ಣೊಂದನ್ನು ಬಿಟ್ಟು. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ಮೂರು ವಾರ ಇದ್ದುದರಿಂದ ಕುಂಬಾರರ ಮನೆಗಳಲ್ಲಿ ಹದ ಮಾಡಿದ ಮಣ್ಣು ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಿಂದ ಅವಳನ್ನು ಕರೆದುಕೊಂಡು ತಿಕೋಟಾಕ್ಕೆ ಹೊರಟೆ.

ವಿಜಯಪುರದಿಂದ ಅಥಣಿಯ ಕಡೆಗೆ ಹೋಗುವ ಈ ದಾರಿಯಲ್ಲಿ ಮೊದಲು ಸಿಗುವುದು ತೊರವಿ. ಆದಿಲಶಾಹಿಗಳ ಕಾಲದಲ್ಲಿ ರಾಜಧಾನಿಗೆ ನೀರು ಬರುತ್ತಿದ್ದುದು ಈ ದಿಕ್ಕಿನಿಂದ. ನೆಲದಡಿಯ ಸುರಂಗ ಕಾಲುವೆಗಳ ಜೊತೆಗೆ ಸುಟ್ಟ ಮಣ್ಣಿನ ಕೊಳವೆಗಳೂ ಆ ವ್ಯವಸ್ಥೆಯ ಅಂಗವಾಗಿದ್ದವು. 1651ರಲ್ಲಿ ಕಟ್ಟಿದ ಬೇಗಂ ತಾಲಾಬದಿಂದಲೂ ಮಣ್ಣಿನ ಕೊಳವೆಗಳಲ್ಲಿಯೇ ನಗರಕ್ಕೆ ನೀರು ಹರಿಯುತ್ತಿತ್ತು. ಗೋಳಗುಮ್ಮಟವನ್ನು ನೋಡಲು ಬರುವವರಿಗೆ ಅದರ ಸುಲ್ತಾನನ ಹೆಸರನ್ನು ಹೇಳುವ ನಾವು, ಆ ಕೊಳವೆಗಳನ್ನು ತಟ್ಟಿ ಸುಟ್ಟವರು ಯಾವ ಓಣಿಯವರು ಎಂದು ಕೇಳುವುದಿಲ್ಲ.

ತಿಕೋಟಾದಲ್ಲಿ ನಾವು ಹೋದ ಮನೆಯ ಹಿರಿಯಾಕೆಗೆ ಎಪ್ಪತ್ತೈದು ದಾಟಿರಬಹುದು. ಕಟ್ಟೆಯ ಮೇಲೆ ಮೊಮ್ಮಗಳು ತನ್ನ ಪೊಟ್ಟಣವನ್ನು ಬಿಚ್ಚಿ ಒಂದೊಂದಾಗಿ ಸಾಮಾನು ಹರಡಿದಳು. ಆ ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. “ಏನ್ರಿ ಸಾಹೇಬ್ರ, ಡಾಕ್ಟರ್ ಪೆಟಿಗಿ ತಂದೀರಲ್ರಿ! ಯಾರಿಗಿ ಆಪರೇಶನ್ ಮಾಡಾವ್ರು?” ಎಂದರು. “ನಿಮ್ಮ ಸಾಮಾನು ತೋರಸ್ರಿ ಯವ್ವಾ” ಎಂದು ನಾನು ಕೇಳಿದಾಗ ಒಳಗಿನಿಂದ ಒಂದು ಒಡೆದ ಗಡಿಗೆಯ ಬುಡವನ್ನು ತಂದರು. ಅದರಲ್ಲಿ ಒಂದು ತೆಂಗಿನ ಕರಟದ ತುಂಡು, ಕಬ್ಬಿಣ ಕೊಯ್ಯುವ ಗರಗಸದ ಮುರಿದ ಬ್ಲೇಡು, ಹಳೆಯ ಧೋತರದ ಚಿಂದಿ, ಸೈಕಲ್ ಗಾಲಿಯ ಒಂದು ಕಡ್ಡಿ, ನೈಲಾನ್ ದಾರ, ಜೋಳದ ದಂಟಿನ ಎರಡು ತುಂಡು, ನುಣುಪಾದ ಒಂದು ಗುಂಡುಕಲ್ಲು ಇದ್ದವು. ಕಲ್ಲನ್ನು ಮಾತ್ರ ಅವರು ನಮ್ಮ ಕೈಗೆ ಕೊಡಲಿಲ್ಲ. “ಇದು ನಮ್ಮತ್ತಿ ಇಟ್ಕೊಂಡಿದ್ದ ಕಲ್ಲು. ಉಳದದ್ದೆಲ್ಲಾ ಮನ್ಯಾಗಿಂದು, ಹಾದ್ಯಾಗಿಂದು” ಎಂದರು.

ಮನೆಗೆ ಮರಳಿದ ಮೇಲೆ ಅಜ್ಜ-ಮೊಮ್ಮಗಳು ಇಬ್ಬರೂ ಸೇರಿ, 640 ರೂಪಾಯಿಯ ಕಟ್ಟಿನಲ್ಲಿದ್ದ ಪ್ರತಿಯೊಂದು ವಸ್ತುವಿಗೂ ಮನೆಯಲ್ಲೇ ಒಂದು ಬದಲಿಯನ್ನು ಹುಡುಕುವ ಕೆಲಸಕ್ಕೆ ಇಳಿದೆವು. ಈ ಕೆಲಸ ಇಷ್ಟು ಸುಲಭವಾದೀತೆಂದು ನಾನು ಎಣಿಸಿರಲಿಲ್ಲ. ಅವಧಿ ಮುಗಿದ ಬ್ಯಾಂಕ್ ಕಾರ್ಡೊಂದನ್ನು ಕತ್ತರಿಯಿಂದ ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಅಂಚನ್ನು ಉಜ್ಜುಕಾಗದದಿಂದ ನಯಗೊಳಿಸಿದರೆ ಮಣ್ಣಿನ ಮೈ ಸವರುವ ತಗಡು ಸಿದ್ಧ. ಉಕ್ಕಿನದಕ್ಕಿಂತ ಅದು ಚೆನ್ನಾಗಿ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬಟ್ಟಲಿನ ಒಳಮೈಗೆ ತೆಂಗಿನ ಕರಟವೇ ಲೇಸು. ಅದರ ಬಾಗು ಬಟ್ಟಲಿನ ಬಾಗಿಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಮಣ್ಣಿನ ಮುದ್ದೆಯನ್ನು ಕೊಯ್ಯಲು ನೈಲಾನ್ ದಾರದ ಎರಡು ತುದಿಗೆ ಎರಡು ಹಳೆಯ ಗುಂಡಿಗಳನ್ನು ಕಟ್ಟಿದೆವು. ಗುಂಡಿಯಿಲ್ಲದಿದ್ದರೆ ದಾರ ಬೆರಳನ್ನು ಕೊಯ್ಯುತ್ತದೆ. ರೀಫಿಲ್ ಮುಗಿದ ಬಾಲ್‌ಪೆನ್ನಿನ ಕೊಳವೆ ಒಂದೇ ಅಳತೆಯ ತೂತುಗಳನ್ನು ಕೊರೆಯುತ್ತದೆ. ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ತುಂಡುಗಳ ಅಂಚನ್ನು ಒರಟು ಮಾಡಿ, ನೀರಾಗಿ ಕಲಸಿದ ಮಣ್ಣನ್ನು ಅಂಟಿನಂತೆ ಹಚ್ಚಿ ಒತ್ತಿದರೆ ಬಟ್ಟಲಿಗೆ ಹಿಡಿಕೆ ಕೂಡುತ್ತದೆ. ಒರಟು ಮಾಡದೆ ಅಂಟಿಸಿದ ಹಿಡಿಕೆ ಒಣಗುವಾಗಲೇ ಕಳಚಿ ಬೀಳುತ್ತದೆ. ಇದನ್ನು ನಾವು ಎರಡು ಬಟ್ಟಲು ಕಳೆದುಕೊಂಡು ಕಲಿತೆವು.

ಹಲಗೆಯಂತೆ ಸಮವಾದ ಮಣ್ಣಿನ ಹಾಳೆ ಬೇಕಾದಾಗ ಒಂದೇ ದಪ್ಪದ ಎರಡು ಮರದ ಪಟ್ಟಿಗಳನ್ನು ಎರಡು ಬದಿಗಿಟ್ಟು ನಡುವೆ ಲಟ್ಟಣಿಗೆ ಉರುಳಿಸಬೇಕು. ನಾವು ಪಟ್ಟಿಗಳ ಬದಲು ಶಾಲೆಯ ಮರದ ಅಳತೆಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟೆವು. ಕೆಳಗೆ ಹಳೆಯ ನೂಲಿನ ಸೀರೆಯ ತುಂಡು ಹಾಸದಿದ್ದರೆ ಮಣ್ಣು ಮಣೆಗೆ ಹಿಡಿದುಕೊಂಡು ಏಳುವುದಿಲ್ಲ. ಲಟ್ಟಣಿಗೆ ಮರಳಿ ಅಡುಗೆಮನೆಗೆ ಬರಕೂಡದು ಎಂಬುದು ನನ್ನ ಶ್ರೀಮತಿಯವರ ಷರತ್ತು. ಷರತ್ತನ್ನು ಒಪ್ಪಿ ಅವರಿಗೆ ಹೊಸ ಲಟ್ಟಣಿಗೆಯನ್ನು ಕೊಂಡು ಕೊಟ್ಟೆ. ಆದ್ದರಿಂದ ಈ ಲೆಕ್ಕದಲ್ಲಿ ಖರ್ಚೇ ಇಲ್ಲವೆಂದು ನಾನು ವಾದಿಸಲಾರೆ.

ಕಷ್ಟವಾದದ್ದು ತಂತಿಯ ಕುಣಿಕೆ. ಪಾತ್ರೆಯ ಬುಡದಿಂದ ಹೆಚ್ಚಿನ ಮಣ್ಣನ್ನು ಸಿಪ್ಪೆಯಂತೆ ಕೆತ್ತಿ ತೆಗೆಯುವ ಸಲಕರಣೆ ಇದು. ಹೇರ್‌ಪಿನ್ನಿನಿಂದ ಮಾಡಿದ್ದು ಒಂದೇ ಎಳೆತಕ್ಕೆ ಬಾಗಿಹೋಯಿತು. ಕೊಡೆಯ ಕಡ್ಡಿ ಬಾಗಲೊಲ್ಲದೆ ಮುರಿಯಿತು. ಕೊನೆಗೆ ನೆರವಾದದ್ದು ಮಾರುಕಟ್ಟೆಯಲ್ಲಿ ಸರಕಿನ ಪೆಟ್ಟಿಗೆಗಳಿಗೆ ಬಿಗಿದು ಬಳಿಕ ಕತ್ತರಿಸಿ ಬೀದಿಗೆ ಎಸೆಯುವ ಉಕ್ಕಿನ ಪಟ್ಟಿ. ಒಂದು ಗೇಣು ಪಟ್ಟಿಯನ್ನು ಪೆನ್ನಿನ ಸುತ್ತ ಬಾಗಿಸಿ, ಎರಡೂ ತುದಿಗಳನ್ನು ಸೀಳಿದ ಬಿದಿರಿನ ತುಂಡಿನೊಳಗೆ ಸಿಕ್ಕಿಸಿ, ಮೇಲೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿದೆವು. ಪಟ್ಟಿಯ ಒಂದು ಅಂಚನ್ನು ಕಲ್ಲಿನ ಮೇಲೆ ಮಸೆದೆವು. ಕೊಂಡು ತಂದ ಕುಣಿಕೆಗಿಂತ ಇದು ಗಟ್ಟಿಯಾಗಿದೆ. ಇದನ್ನು ಮಕ್ಕಳ ಕೈಗೆ ಬಿಡದೆ ದೊಡ್ಡವರೇ ಮಾಡಿಕೊಡಬೇಕು. ಆ ಪಟ್ಟಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.

ಇನ್ನು ತಿಗರಿ. ವಿದ್ಯುತ್ತಿನ ತಿಗರಿಗೆ ಸಾವಿರಾರು ರೂಪಾಯಿ ಬೇಕು. ಆದರೆ ಮನೆಯ ಕೆಲಸಕ್ಕೆ ಬೇಕಾದುದು ವೇಗವಾಗಿ ಸುತ್ತುವ ಚಕ್ರವಲ್ಲ, ಕೆಲಸ ಮಾಡುವಾಗ ಪಾತ್ರೆಯನ್ನು ನಿಧಾನವಾಗಿ ನಮ್ಮ ಕಡೆಗೆ ತಿರುಗಿಸಿಕೊಳ್ಳುವ ಒಂದು ಪೀಠ. ಒಡೆದ ಗಡಿಗೆಯ ದುಂಡು ಬುಡವನ್ನು ಬೂದಿ ಹಾಕಿದ ತಟ್ಟೆಯಲ್ಲಿ ಕೂಡಿಸಿದರೆ ಅದು ಕೈಯಾಡಿಸಿದಂತೆ ತಿರುಗುತ್ತದೆ. ಗುಜರಿ ಅಂಗಡಿಯಲ್ಲಿ ಸಿಗುವ ಸೀಲಿಂಗ್ ಫ್ಯಾನಿನ ಬೇರಿಂಗನ್ನು ಎರಡು ಮರದ ಬಿಲ್ಲೆಗಳ ನಡುವೆ ಕೂಡಿಸಿದರೆ ಇನ್ನೂ ಚೆನ್ನು.

ಈ ಪಟ್ಟಿಯನ್ನು ಬೆಳೆಸುತ್ತ ಹೋಗಬಹುದು. ಆದರೆ ಮನೆಯಲ್ಲಿ ಬದಲಿ ಸಿಗದ ವಸ್ತು ಒಂದಿದೆ. ಅದು ಮಣ್ಣಿನ ತಿಳಿವಳಿಕೆ. ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ನದಿ ಸಿಗುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ಕೇಳದವರು ಈ ಜಿಲ್ಲೆಯಲ್ಲಿಲ್ಲ. ಆ ಎರೆಮಣ್ಣು ಜೋಳಕ್ಕೆ ವರವಾದಷ್ಟು ಗಡಿಗೆಗೆ ವರವಲ್ಲ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವುದು ಅದರ ಗುಣ. ಬೇಸಿಗೆಯ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಮಣ್ಣು ಬಟ್ಟಲಾದ ಮಾತ್ರಕ್ಕೆ ತನ್ನ ಗುಣವನ್ನು ಬಿಡುವುದಿಲ್ಲ. ಅದಕ್ಕಾಗಿಯೇ ಕುಂಬಾರರು ಕೆರೆಯ ಹೂಳು, ಕೆಮ್ಮಣ್ಣು, ಸಣ್ಣ ಉಸುಕು, ಬೂದಿ, ಲದ್ದಿಗಳನ್ನು ಬೆರೆಸಿ ಮಣ್ಣಿನ ಬಿರುಸನ್ನು ಇಳಿಸುತ್ತಾರೆ. ಎರೆಮಣ್ಣಿನಲ್ಲಿ ಅಡಗಿರುವ ಸುಣ್ಣದ ಹರಳು ಇನ್ನೊಂದು ಶತ್ರು. ಆವಿಗೆಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಪಾತ್ರೆ ಹೊರಬಂದ ಮೇಲೆ ಗಾಳಿಯ ತೇವವನ್ನು ಹೀರಿ ಉಬ್ಬಿ, ಕೆಲವು ದಿನಗಳ ಬಳಿಕ ಪಾತ್ರೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಸವುಳು ನೆಲದ ಮಣ್ಣಾದರೆ ಪಾತ್ರೆಯ ಮೇಲೆ ಬಿಳಿಯ ಉಪ್ಪು ಕೂಡ ಏಳುತ್ತದೆ.

ಇಲ್ಲಿಯೂ ಮನೆಯ ಸಾಮಾನೇ ನೆರವಾಗುತ್ತದೆ. ಒಣಮಣ್ಣನ್ನು ಪುಡಿ ಮಾಡಿ ಬಕೆಟ್ಟಿನಲ್ಲಿ ಎರಡು ದಿನ ನೆನೆಸಿ, ಹರಿದ ಸೊಳ್ಳೆಪರದೆಯನ್ನು ಎರಡು ಪದರ ಮಾಡಿ ಸೋಸಿದರೆ ಹರಳುಗಳಲ್ಲಿ ದೊಡ್ಡವು ಹೊರಗುಳಿಯುತ್ತವೆ. ಮೇಲಿನ ತಿಳಿನೀರನ್ನು ಬಸಿದು, ಕೆಳಗಿನ ಮಣ್ಣನ್ನು ಹಳೆಯ ತಲೆದಿಂಬಿನ ಚೀಲಕ್ಕೆ ತುಂಬಿ ತೂಗುಹಾಕಿದರೆ ಹದಕ್ಕೆ ಬರುತ್ತದೆ. ಆ ನೀರನ್ನು ಮೋರಿಗೆ ಚೆಲ್ಲಬಾರದು. ನಾನು ಚೆಲ್ಲಿ, ಬಚ್ಚಲಿನ ಕೊಳವೆ ಕಟ್ಟಿಕೊಂಡು, ಕೊಳಾಯಿ ರಿಪೇರಿಯವರಿಗೆ ಕೊಟ್ಟ ಹಣ ಮೊಮ್ಮಗಳ ಕಟ್ಟಿನ ಬೆಲೆಗಿಂತ ಹೆಚ್ಚಾಯಿತು. ಒಣಗಿದ ಮಣ್ಣನ್ನು ಕೋಣೆಯೊಳಗೆ ಉಜ್ಜಿ ಧೂಳೆಬ್ಬಿಸುವುದೂ ಸಲ್ಲದು. ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಬೇಕು.

ನನಗೆ ಅತ್ಯಂತ ಮೆಚ್ಚಿಗೆಯಾದ ಸಲಕರಣೆ ಶಾಲೆಯ ಪ್ಲಾಸ್ಟಿಕ್ ಅಳತೆಪಟ್ಟಿ. ಮಣ್ಣಿನ ಒಂದು ಪಟ್ಟಿಯನ್ನು ಲಟ್ಟಿಸಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಎರಡು ಗೆರೆ ಎಳೆಯಿರಿ. ನೆರಳಿನಲ್ಲಿ ಒಣಗಿದ ಮೇಲೆ ಮತ್ತೆ ಅಳೆಯಿರಿ. ಗೆರೆಗಳ ನಡುವೆ 9 ಸೆಂಟಿಮೀಟರ್ ಉಳಿದಿದ್ದರೆ ಮಣ್ಣು ಶೇ 10ರಷ್ಟು ಕುಗ್ಗಿದೆ ಎಂದರ್ಥ. ನಮ್ಮ ಹಿತ್ತಿಲಿನ ಎರೆಮಣ್ಣಿನ ಪಟ್ಟಿಯನ್ನು ಅಳೆಯಲು ಆಗಲೇ ಇಲ್ಲ, ಅದು ಮೂರು ತುಂಡಾಗಿತ್ತು. ತಿಕೋಟಾದಿಂದ ತಂದ ಮಣ್ಣು 9.3ರಲ್ಲಿ ನಿಂತಿತು. ಆ ತಾಯಿ ಅಳತೆಪಟ್ಟಿ ಹಿಡಿದವರಲ್ಲ. ಚಿಟಿಕೆ ಮಣ್ಣನ್ನು ಹಲ್ಲಿನ ನಡುವೆ ಕಡಿದು, ಬೆರಳಿಗೆ ಸುತ್ತಿ ನೋಡಿ ಹದ ಹೇಳುವವರು.

ಇಷ್ಟು ಬರೆಯುವಾಗ ನನ್ನ ಸೇವಾವಧಿಯ ಒಂದು ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ಯಾವ ಇಲಾಖೆ, ಯಾವ ಜಿಲ್ಲೆ ಎಂಬುದು ಮುಖ್ಯವಲ್ಲ, ಸಹಿ ನನ್ನದು. ಸಾಂಪ್ರದಾಯಿಕ ಕಸುಬುದಾರರಿಗೆ ಸಲಕರಣೆಗಳ ಪೆಟ್ಟಿಗೆ ಹಂಚುವ ಒಂದು ಕಾರ್ಯಕ್ರಮ. ವೇದಿಕೆ, ಚೆಂಡುಹೂವಿನ ಹಾರ, ಸಾಲಾಗಿ ನಿಂತ ಫಲಾನುಭವಿಗಳು, ಛಾಯಾಚಿತ್ರ. ಕುಂಬಾರರಿಗೆ ಕೊಟ್ಟದ್ದು ತಗಡಿನ ಪೆಟ್ಟಿಗೆಯಲ್ಲಿ ಕಬ್ಬಿಣದ ಹತ್ತಾರು ಸಾಮಾನು. ಆರು ತಿಂಗಳ ನಂತರ ಬೇರೊಂದು ಕೆಲಸಕ್ಕೆ ಆ ಊರಿಗೆ ಹೋದಾಗ ಕುತೂಹಲದಿಂದ ಕುಂಬಾರರ ಓಣಿಗೆ ಹೋಗಿ ನೋಡಿದೆ. ಒಂದು ಮನೆಯಲ್ಲಿ ಪೆಟ್ಟಿಗೆಯೊಳಗೆ ಮಕ್ಕಳ ಪಠ್ಯಪುಸ್ತಕಗಳಿದ್ದವು. ಇನ್ನೊಂದರಲ್ಲಿ ಜೋಳದ ಹಿಟ್ಟು. ಸಲಕರಣೆಗಳು ಅಟ್ಟದ ಮೇಲೆ ತುಕ್ಕು ಹಿಡಿದಿದ್ದವು. ದಿನವಿಡೀ ಒದ್ದೆ ಮಣ್ಣಿನಲ್ಲಿ ಆಡಬೇಕಾದ ಸಾಮಾನನ್ನು ಕಬ್ಬಿಣದಿಂದ ಮಾಡಿಸಿದವರು ಯಾರೂ ತಿಗರಿಯ ಮುಂದೆ ಕುಳಿತವರಾಗಿರಲಿಲ್ಲ. “ಪೆಟಿಗಿ ಭಾಳ ಛಲೋ ಐತ್ರಿ” ಎಂದು ಆ ಮನೆಯವರು ಸೌಜನ್ಯದಿಂದಲೇ ಹೇಳಿದರು. ಅಷ್ಟು ಹೊತ್ತಿಗಾಗಲೇ ಹಣ ಸದ್ಬಳಕೆಯಾಗಿದೆ ಎಂಬ ಪ್ರಮಾಣಪತ್ರ ನನ್ನ ಸಹಿಯೊಂದಿಗೆ ಹೋಗಿತ್ತು. ಅದನ್ನು ನಾನು ತಿದ್ದಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಸ್ಥಿರ ಬಂಡವಾಳ, ದುಡಿಯುವ ಬಂಡವಾಳ ಎಂಬ ಭೇದವನ್ನು ಮೊದಲ ವರ್ಷದಲ್ಲೇ ಓದಿದವನು ನಾನು. ಆದರೂ ಬಡವನ ಕಸುಬೆಂದರೆ ಅವನಿಗೆ ಉಪಕರಣದ ಕೊರತೆ ಇದೆ ಎಂದೇ ಆಡಳಿತ ಭಾವಿಸುತ್ತದೆ, ನಾನೂ ಭಾವಿಸಿದ್ದೆ. ಉಪಕರಣ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು, ಹಂಚಬಹುದು. ಕುಂಬಾರನ ನಿಜವಾದ ಬಂಡವಾಳ ಸಿಕ್ಕಿಕೊಂಡಿರುವುದು ಬೇರೆ ಕಡೆ: ಮಳೆಗಾಲಕ್ಕೆ ಮುಂಚೆ ತಂದು ಕೂಡಿಡಬೇಕಾದ ಮಣ್ಣಿನಲ್ಲಿ, ಆವಿಗೆಗೆ ಬೇಕಾದ ಕಟ್ಟಿಗೆ-ಕುಳ್ಳಿನಲ್ಲಿ, ಬೇಸಿಗೆಯ ಮಾರಾಟಕ್ಕೆಂದು ತಿಂಗಳುಗಟ್ಟಲೆ ಮಾಡಿಟ್ಟ ಗಡಿಗೆಗಳ ರಾಶಿಯಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆಯಲ್ಲಿ ಈ ವರುಷದ ಲೆಕ್ಕವಿದೆ. ನಮ್ಮ ಯೋಜನೆಗಳಲ್ಲಿ ಅದು ಬಹುಮಟ್ಟಿಗೆ ಇರಲಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಅದರಲ್ಲಿ ಸಲಕರಣೆಗೆಂದು 15,000 ರೂಪಾಯಿಯ ವೋಚರ್ ಇದೆ. ಹಿಂದಿನವಕ್ಕಿಂತ ಇದು ಮೇಲು ಎನ್ನಲು ನನಗೆ ಸಂಕೋಚವಿಲ್ಲ. ಶೇ 5ರ ಬಡ್ಡಿಯಲ್ಲಿ, ಜಾಮೀನಿಲ್ಲದೆ, ಮೊದಲ ಕಂತಿನಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ಸಾಲಕ್ಕೂ ಅವಕಾಶವಿದೆ. ಆ ಸಾಲ ಮಣ್ಣಿಗೆ, ಕಟ್ಟಿಗೆಗೆ ಸಕಾಲಕ್ಕೆ ಒದಗಿದರೆ ವೋಚರಿಗಿಂತ ಹೆಚ್ಚಿನ ಉಪಕಾರವಾದೀತು. ವಿದ್ಯುತ್ ತಿಗರಿಯನ್ನೂ ನಾನು ಹೀಗಳೆಯುವವನಲ್ಲ. ಬಂಡಿಗಾಲಿಯಂಥ ಭಾರದ ತಿಗರಿಯನ್ನು ಕೋಲಿನಿಂದ ತಿರುಗಿಸಿ ತಿರುಗಿಸಿ ಸೊಂಟ ಕಳೆದುಕೊಂಡವರ ಮುಂದೆ ಪರಂಪರೆಯ ಸೊಬಗನ್ನು ಹೊಗಳುವುದು ಅನ್ಯಾಯ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಯಂತ್ರವನ್ನು ಕೊಡುವ ಮೊದಲು ಅಲ್ಲಿ ಅದರ ಮುಂದೆ ಕೂಡಿಸಿ ನೋಡುವುದು ಕ್ರಮ. 1929ರಲ್ಲಿ ಅಖಿಲ ಭಾರತ ಚರಖಾ ಸಂಘವು ಸುಧಾರಿತ ಚರಖಾಕ್ಕೆ ಒಂದು ಲಕ್ಷ ರೂಪಾಯಿಯ ಬಹುಮಾನ ಸಾರಿದಾಗ, ಅದರ ಬೆಲೆ 150 ರೂಪಾಯಿ ಮೀರಬಾರದು ಎಂಬ ಷರತ್ತನ್ನೂ ಇಟ್ಟಿತ್ತು. ಹಳ್ಳಿಯ ಗುಡಿಸಲಿನಲ್ಲಿ ಅದು ನಡೆಯಬೇಕಿತ್ತು. ಸಲಕರಣೆಯನ್ನು ಬಳಸುವವನೇ ಅದನ್ನು ರಿಪೇರಿ ಮಾಡಬಲ್ಲನೇ ಎಂಬ ಪ್ರಶ್ನೆಯನ್ನು ನನ್ನ ಕಡತಗಳಲ್ಲಿ ಯಾರೂ, ನಾನೂ, ಕೇಳಿದ ನೆನಪಿಲ್ಲ.

ನಮ್ಮ ಭಾಗದ ಮನೆಗಳಿಗೆ ಮಣ್ಣಿನ ಕೆಲಸ ಹೊಸದೇನಲ್ಲ. ಮಣ್ಣೆತ್ತು, ಆಷಾಢದ ಮಂಗಳವಾರಗಳ ಗುಳ್ಳವ್ವ, ಪಂಚಮಿಯ ನಾಗಪ್ಪ, ಗಣಪ, ಜೋಕುಮಾರ, ಹೀಗೆ ಮಳೆಗಾಲದ ಉದ್ದಕ್ಕೂ ಮಣ್ಣಿಗೆ ಪೂಜೆ ಸಲ್ಲುತ್ತಿತ್ತು. ನನ್ನ ಅಕ್ಕಂದಿರು ಗುಳ್ಳವ್ವನನ್ನು ತಾವೇ ಮಾಡಿ, ಗುಲಗಂಜಿ, ಕುಸುಬಿ ಕಾಳುಗಳನ್ನು ಒತ್ತಿ ಸಿಂಗರಿಸುತ್ತಿದ್ದರು. ಅವರ ಸಲಕರಣೆ ಕಸಬರಿಗೆಯ ಕಡ್ಡಿ ಮತ್ತು ಜೋಳದ ದಂಟು. ದಂಟಿನ ಹೊರಸಿಪ್ಪೆಯನ್ನು ಸೀಳಿದರೆ ಹರಿತವಾದ ಚಾಕು, ಒಳಗಿನ ಬೆಂಡನ್ನು ನೆನೆಸಿದರೆ ಸ್ಪಂಜು. ಮೊಮ್ಮಗಳಿಗೆ ಇದನ್ನು ತೋರಿಸಿದಾಗ ಅವಳು ಕೇಳಿದ ಪ್ರಶ್ನೆ: “ಅಜ್ಜಾ, ನಿನಗ ಇದು ಗೊತ್ತಿದ್ರ ಮೊದಲ ಯಾಕ ಹೇಳಲಿಲ್ಲ?” ನಿಜವೆಂದರೆ, ದಂಟು ಕೈಗೆ ಬರುವವರೆಗೆ ನನಗೆ ಅದು ನೆನಪೇ ಇರಲಿಲ್ಲ.

ಮನೆಯಲ್ಲಿ ಆಗದ ಕೆಲಸವೆಂದರೆ ಸುಡುವುದು. ಅಡುಗೆಮನೆಯ ಓವನ್ನು ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಮಣ್ಣು ಮತ್ತೆ ನೀರಿನಲ್ಲಿ ಕರಗದ ಹಾಗೆ ಗಟ್ಟಿಯಾಗಲು ಆರುನೂರು ಡಿಗ್ರಿಗೂ ಹೆಚ್ಚು ಬೇಕು, ಒಳ್ಳೆಯ ಗಡಿಗೆಗೆ ಇನ್ನೂ ಮೇಲೆ ಹೋಗಬೇಕು. ಒಳಗೆ ತೇವ ಉಳಿದ ಪಾತ್ರೆಯನ್ನು ಬೆಂಕಿಗಿಟ್ಟರೆ ನೀರು ಆವಿಯಾಗಿ ಸಿಡಿಯುತ್ತದೆ. ಗ್ಯಾಸ್ ಒಲೆಯ ಮೇಲೆ ಇಂಥ ಪ್ರಯೋಗಗಳನ್ನು ಯಾರೂ ಮಾಡಬಾರದು. ಹಾಗಾಗಿ ನಾವು ಮಾಡಿದ ಒಂಬತ್ತು ವಸ್ತುಗಳನ್ನು ಹತ್ತು ದಿನ ನೆರಳಿನಲ್ಲಿ ಒಣಗಿಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಮತ್ತೆ ತಿಕೋಟಾಕ್ಕೆ ಒಯ್ದೆವು. ಆವಿಗೆಯ ಒಂದು ಮೂಲೆಯಲ್ಲಿ ಅವುಗಳಿಗೆ ಜಾಗ ಸಿಕ್ಕಿತು.

ಆ ಮೂಲೆಗೆ ಎಷ್ಟು ಕೊಡಬೇಕು ಎಂದು ಕೇಳಿದೆ. ಅವರಿಗೆ ಹೇಳಲು ಬರಲಿಲ್ಲ. ಗಡಿಗೆಗೆ ಬೆಲೆಯಿದೆ, ಹಣತೆಗೆ ಬೆಲೆಯಿದೆ, ಆವಿಗೆಯ ಮೂಲೆಗೆ ಇದುವರೆಗೆ ಬೆಲೆ ಕೇಳಿದವರಿಲ್ಲ. ವಿಜಯಪುರ ನಗರದ ಎಷ್ಟೋ ಶಾಲೆಗಳು ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಬಣ್ಣಬಣ್ಣದ ಕೃತಕ ಮಣ್ಣನ್ನು ಕೊಂಡುಕೊಡುತ್ತವೆ. ಅದರ ಬದಲು ತಿಕೋಟಾ, ಬಬಲೇಶ್ವರಗಳ ಕುಂಬಾರ ಕುಟುಂಬಗಳಿಂದ ಹದ ಮಾಡಿದ ಮಣ್ಣನ್ನು ಕೊಂಡು, ವಾರಕ್ಕೆರಡು ಗಂಟೆ ಅವರಿಂದಲೇ ಪಾಠ ಹೇಳಿಸಿ, ಸುಡುವುದಕ್ಕೂ ಪಾಠಕ್ಕೂ ಪ್ರತ್ಯೇಕವಾಗಿ ಸಂಭಾವನೆ ಕೊಟ್ಟರೆ ಆ ಕುಟುಂಬಗಳಿಗೆ ಗಡಿಗೆ ಮಾರಾಟವಾಗದ ತಿಂಗಳುಗಳಲ್ಲಿಯೂ ನಗದು ಬಂದೀತು. ಸಲಕರಣೆಗಳನ್ನು ಮಕ್ಕಳು ಮನೆಯಿಂದ ತರಲಿ. ಇದಕ್ಕೆ ಸರ್ಕಾರದ ಆದೇಶವೇನೂ ಬೇಕಿಲ್ಲ. ಮುಖ್ಯೋಪಾಧ್ಯಾಯರೊಬ್ಬರ ಮನಸ್ಸು, ಒಂದು ಟೆಂಪೋ ಬಾಡಿಗೆ ಸಾಕು. ನಾನು ಮಾತಾಡಿಸಿದ ಎರಡು ಶಾಲೆಗಳಲ್ಲಿ ಒಂದು, ಸಮವಸ್ತ್ರ ಕೊಳೆಯಾಗುತ್ತದೆ ಎಂದು ಹಿಂದೇಟು ಹಾಕಿತು. ಇನ್ನೊಂದು ಯೋಚಿಸುತ್ತಿದೆ.

ಒಂಬತ್ತರಲ್ಲಿ ಆರು ಸುಟ್ಟು ಹೊರಬಂದವು. ಒಂದು ಸಿಡಿದಿತ್ತು, ಎರಡರ ಬಾಯಿ ಸೀಳಿತ್ತು. ಬಹಳ ಒತ್ತಾಯ ಮಾಡಿದ ಮೇಲೆ ಆ ತಾಯಿ ಇನ್ನೂರು ರೂಪಾಯಿ ಇಸಿದುಕೊಂಡರು. ಬಳಿಕ ನಮ್ಮ ಚೀಲದಲ್ಲಿದ್ದ ಉಕ್ಕಿನ ಪಟ್ಟಿಯ ಕುಣಿಕೆಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿ, ಹಸಿ ಹಣತೆಯೊಂದರ ಬುಡಕ್ಕೆ ಹಚ್ಚಿ ಎಳೆದರು. ಮಣ್ಣು ನಾರಿನ ಹಾಗೆ ಸುರುಳಿಯಾಗಿ ಬಂತು. “ಇದು ಬೇಷ್ ಐತಿ. ಇದನ್ನ ಇಟ್ ಹೋಗ್ರಿ, ಇನ್ನೊಂದೆರಡು ಪಟ್ಟಿ ಸಿಕ್ರ ತಗೊಂಡ್ ಬರ್ರಿ” ಎಂದರು.

ಎರಡು ವಾರ ಬಿಟ್ಟು ಮಾರುಕಟ್ಟೆಯಿಂದ ಆಯ್ದ ಪಟ್ಟಿಗಳನ್ನು ಒಯ್ದು ಕೊಟ್ಟೆ. ಆಗ ನೋಡಿದರೆ, ನಾನು ಅಷ್ಟು ಜತನದಿಂದ ಸುತ್ತಿದ್ದ ತಾಮ್ರದ ತಂತಿಯನ್ನು ಅವರು ಬಿಚ್ಚಿ ಎಸೆದಿದ್ದರು. ಅದು ಅಂಗೈಗೆ ಒತ್ತುತ್ತಿತ್ತಂತೆ. ಅದರ ಜಾಗದಲ್ಲಿ ಧೋತರದ ಅಂಚನ್ನು ಹರಿದು ಸುತ್ತಿ, ಒದ್ದೆ ಮಾಡಿ ಬಿಗಿದಿದ್ದರು.